ಫ್ಲೇಕ್ಸಾ, ಕಾಳಾ, ವೇಫರಾ? ಮಿಶ್ರ ಟ್ಯಾಂಕಿನಲ್ಲಿ ಕೊನೆಯ ಮೀನಿಗೂ ಸಿಗುವ ಆಹಾರ ಯಾವುದು

ಮೀನಿನ ಆಹಾರದ ಡಬ್ಬಿ ಕೈಗೆತ್ತಿಕೊಂಡರೆ ನಾವೆಲ್ಲ ಮೊದಲು ಹುಡುಕುವುದು ಪ್ರೋಟೀನ್ ಎಷ್ಟಿದೆ ಅಂತ. ಒಂದೇ ಜಾತಿಯ ಮೀನು ಸಾಕುವವರಿಗೆ ಆ ಲೆಕ್ಕ ಸಾಕಾಗಬಹುದು. ನಾಲ್ಕಾರು ಜಾತಿಗಳು ಒಟ್ಟಿಗಿರುವ ಟ್ಯಾಂಕಿನಲ್ಲಿ ಮಾತ್ರ ಕೇಳಬೇಕಾದ ಪ್ರಶ್ನೆ ಬೇರೆ: ನೀರಿಗೆ ಬಿದ್ದ ಆಹಾರ ಯಾರ ಬಾಯಿ ಸೇರುತ್ತದೆ? ಶೇಕಡಾ 45ರಷ್ಟು ಪ್ರೋಟೀನ್ ಇರುವ ಫ್ಲೇಕ್ಸನ್ನು ಅಷ್ಟೂ ಗಪ್ಪಿಗಳೇ ಮುಗಿಸಿಬಿಟ್ಟರೆ, ತಳದಲ್ಲಿ ಅಡಗಿರುವ ಕೂಲಿ ಲೋಚ್ ಪಾಲಿಗೆ ಅದು ಸೊನ್ನೆಯೇ.

ನನ್ನ ಟ್ಯಾಂಕಿನಲ್ಲಿ ಮೇಲ್ಪದರಕ್ಕೆ ಗಪ್ಪಿಗಳು ಮತ್ತು ಒಂದು ಜೋಡಿ ಹನಿ ಗುರಾಮಿ. ನಡುವೆ ನಿಯಾನ್ ಟೆಟ್ರಾ ಗುಂಪು, ಹಾರ್ಲೆಕ್ವಿನ್ ರಾಸ್ಬೋರಾ ಗುಂಪು. ತಳದಲ್ಲಿ ಕೋರಿಡೋರಾಸ್ (ಮುಂದೆ ಬರೀ ಕೋರಿ), ಕೂಲಿ ಲೋಚ್, ಒಂದು ಬ್ರಿಸಲ್‌ನೋಸ್ ಪ್ಲೆಕೊ. ನೀರು 25 ಡಿಗ್ರಿ, ಪಿಎಚ್ 7ರ ಆಸುಪಾಸು. ಗಪ್ಪಿಗೆ ಗಡಸು ನೀರು ಇಷ್ಟ, ನಿಯಾನ್‌ಗೆ ಮೆದು ನೀರು. ನಡುವಿನ ನೀರಿನಲ್ಲಿ ಎರಡೂ ಹೊಂದಿಕೊಂಡಿವೆ. ಆಹಾರ ಹೋಲಿಸುವಾಗ ಬೆಳಕಿನ ಹೊತ್ತು, ನೀರು ಬದಲಿಸುವ ದಿನ ಯಾವುದನ್ನೂ ಬದಲಿಸಲಿಲ್ಲ. ಒಂದೊಂದನ್ನೂ ಕೆಲವು ವಾರ ಮುಖ್ಯ ಆಹಾರವಾಗಿ ಕೊಟ್ಟು, ಎಲ್ಲಕ್ಕಿಂತ ಕೊನೆಗೆ ತಿನ್ನುವ ಮೀನುಗಳ ಹೊಟ್ಟೆ ನೋಡುತ್ತಿದ್ದೆ. ಹೊಟ್ಟೆ ತುಂಬಿದ ಕೋರಿಯನ್ನು ಕೆಳಗಿನಿಂದ ನೋಡಿದರೆ ಮೃದುವಾಗಿ ಉಬ್ಬಿರುತ್ತದೆ. ಹಸಿದದ್ದರ ಹೊಟ್ಟೆ ಒಳಕ್ಕೆ ಹೋಗಿರುತ್ತದೆ. ಅದಕ್ಕಿಂತ ನಂಬುವಂಥ ಅಳತೆ ನನಗೆ ಸಿಕ್ಕಿಲ್ಲ.

ಮೊದಲು ಎಲ್ಲರ ಮನೆಯಲ್ಲೂ ಇರುವ ಫ್ಲೇಕ್ಸ್. ಇದರ ದೊಡ್ಡ ಗುಣ ತೇಲುವುದು, ದೊಡ್ಡ ದೋಷವೂ ಅದೇ. ಗಪ್ಪಿಯ ಬಾಯಿ ಮೇಲ್ಮುಖವಾಗಿದೆ, ನೀರಿನ ಮೇಲಿರುವುದನ್ನು ಹೆಕ್ಕಲೆಂದೇ ಇರುವ ಬಾಯಿ ಅದು. ಗುರಾಮಿಯೂ ಮೇಲೆಯೇ ನಿಧಾನವಾಗಿ ತಿನ್ನುತ್ತದೆ. ಇವೆರಡಕ್ಕೂ ಫ್ಲೇಕ್ಸ್‌ಗಿಂತ ಅನುಕೂಲವಾದದ್ದಿಲ್ಲ. ಬೆರಳಲ್ಲಿ ಉಜ್ಜಿದರೆ ಬೇಕಾದಷ್ಟು ಸಣ್ಣದಾಗುತ್ತದೆ, ಹಾಗಾಗಿ ಗಪ್ಪಿ ಮರಿಗಳಿಗೂ ಆದೀತು. ಆದರೆ ತೆಳುವಾದ ಹಾಳೆಯಂಥ ಚೂರು ನೀರಿಗೆ ಬಿದ್ದ ಕೂಡಲೇ ಎಲ್ಲ ಕಡೆಯಿಂದ ನೆನೆಯುತ್ತದೆ. ವಿಟಮಿನ್ ಸಿ ಥರ ನೀರಲ್ಲಿ ಕರಗುವ ಅಂಶಗಳು ಬೇಗ ಸೋರಿಹೋಗುತ್ತವೆ. ಫಿಲ್ಟರ್ ಹರಿವಿಗೆ ಸಿಕ್ಕಿ ಪುಡಿಯಾದದ್ದು ತಳ ಮುಟ್ಟುವ ಹೊತ್ತಿಗೆ ಅಲ್ಲಿ ತಿನ್ನುವಂಥದ್ದು ಏನೂ ಉಳಿದಿರುವುದಿಲ್ಲ. ಫ್ಲೇಕ್ಸ್ ಮಾತ್ರ ಕೊಟ್ಟ ಅವಧಿಯಲ್ಲಿ ಗಪ್ಪಿಗಳು ದುಂಡಗಾದವು, ಕೋರಿಗಳು ಹಗಲೆಲ್ಲ ಮರಳು ಕೆದಕುತ್ತಲೇ ಇದ್ದವು.

ನಿಧಾನವಾಗಿ ಮುಳುಗುವ ಸಣ್ಣ ಕಾಳು, ಅಂದರೆ ಗ್ರಾನ್ಯೂಲ್, ಇಲ್ಲಿ ಬಹಳ ಮುಂದೆ. ನೀರಿನ ಮೇಲೆ ಉದುರಿಸಿದ ಚಿಟಿಕೆ ಕಾಳು ಕೆಲವು ಕ್ಷಣ ಮೇಲೆಯೇ ನಿಲ್ಲುತ್ತದೆ, ಆಮೇಲೆ ಒಂದೊಂದಾಗಿ ಇಳಿಯುತ್ತದೆ. ಮೇಲಿನವು ತಮ್ಮ ಪಾಲು ಹಿಡಿಯುತ್ತವೆ, ನಡುವಿನವು ಬೀಳುತ್ತಿರುವುದನ್ನು ಹಾಯ್ದು ಕಚ್ಚುತ್ತವೆ, ಒಂದಷ್ಟು ತಳಕ್ಕೂ ತಲುಪುತ್ತದೆ. ನಿಯಾನ್‌ಗಳು ತಳಕ್ಕೆ ಬಿದ್ದದ್ದನ್ನು ಹೆಕ್ಕುವುದು ಕಡಿಮೆ, ಇಳಿಯುತ್ತಿರುವಾಗಲೇ ಹಿಡಿಯಬೇಕು. ಅವುಗಳಿಗೆ ಈ ನಿಧಾನದ ಇಳಿತವೇ ಊಟದ ಸಮಯ.

ಕಾಳಿನ ಗಾತ್ರದಲ್ಲಿ ಮಾತ್ರ ರಾಜಿ ಬೇಡ. ಒಂದು ಮಿಲಿಮೀಟರ್ ಕಾಳು ಹಾಕಿ ನಿಯಾನ್ ಒಂದನ್ನೇ ಗಮನಿಸಿ. ಬಾಯಿಗೆ ಹಾಕಿಕೊಳ್ಳುತ್ತದೆ, ಉಗುಳುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ಉಗುಳುತ್ತದೆ. ಅಷ್ಟರಲ್ಲಿ ಪಕ್ಕದಿಂದ ಬಂದ ರಾಸ್ಬೋರಾ ಅದನ್ನು ಎತ್ತಿಕೊಂಡು ಹೋಗಿರುತ್ತದೆ. ಅದೇ ಅರ್ಧ ಮಿಲಿಮೀಟರ್ ಕಾಳಾದರೆ ಒಂದೇ ಗುಕ್ಕಿಗೆ ಒಳಗೆ. ನೋಡುವವರಿಗೆ ಎರಡೂ ಸಲ ನಿಯಾನ್ ತಿನ್ನುತ್ತಿರುವಂತೆಯೇ ಕಾಣುತ್ತದೆ, ಮೊದಲನೆಯದರಲ್ಲಿ ಹೊಟ್ಟೆಗೆ ಹೋದದ್ದು ಏನೂ ಇಲ್ಲ.

ಕಾಳಿಗೂ ದೋಷವಿದೆ. ಚಿಟಿಕೆ ನೋಡಲು ಚಿಕ್ಕದು, ಆದರೆ ಒತ್ತಾಗಿರುವ ಆಹಾರವಾದ್ದರಿಂದ ಅಷ್ಟೇ ಗಾತ್ರದ ಫ್ಲೇಕ್ಸ್‌ಗಿಂತ ಎಷ್ಟೋ ಪಾಲು ಜಾಸ್ತಿ. ಫ್ಲೇಕ್ಸ್ ಹಾಕಿ ರೂಢಿಯಾದ ಕೈ ಇದನ್ನು ಸುಲಭವಾಗಿ ಮೀರಿಸಿಬಿಡುತ್ತದೆ. ದಪ್ಪ ಜಲ್ಲಿ ಹಾಸಿದ್ದರೆ ಕಾಳು ಸಂದಿಗಿಳಿದು ಅಲ್ಲೇ ಕೊಳೆಯುತ್ತದೆ. ನುಣ್ಣನೆ ಮರಳಿನ ತಳವಿದ್ದರೆ ಈ ತೊಂದರೆಯಿಲ್ಲ, ಕೋರಿಯ ಮೀಸೆಗೂ ಮರಳೇ ಒಳ್ಳೆಯದು. ಎರಡನ್ನೂ ತೂಗಿ ನೋಡಿದರೆ ಮುಖ್ಯ ಆಹಾರದ ಜಾಗಕ್ಕೆ ನನ್ನ ಆಯ್ಕೆ ಕಾಳೇ. ಫ್ಲೇಕ್ಸನ್ನು ಬಿಟ್ಟಿಲ್ಲ, ಅದಕ್ಕೊಂದು ಬೇರೆ ಕೆಲಸ ಕೊಟ್ಟಿದ್ದೇನೆ. ಮೊದಲು ಟ್ಯಾಂಕಿನ ಎಡಮೂಲೆಯಲ್ಲಿ ಸ್ವಲ್ಪ ಫ್ಲೇಕ್ಸ್ ಪುಡಿ, ಗಪ್ಪಿಗಳೆಲ್ಲ ಅಲ್ಲಿ ಮುಗಿಬಿದ್ದ ಮೇಲೆ ಬಲಮೂಲೆಯಲ್ಲಿ ಕಾಳು. ನಾಚುವ ಗುರಾಮಿ ಹೆಣ್ಣಿಗೂ ನಿಯಾನ್‌ಗಳಿಗೂ ನೆಮ್ಮದಿಯಾಗಿ ತಿನ್ನಲು ಈ ಒಂದು ಉಪಾಯ ಮಾಡಿದಷ್ಟು ಸಹಾಯವನ್ನು ಯಾವ ದುಬಾರಿ ಡಬ್ಬಿಯೂ ಮಾಡಲಿಲ್ಲ.

ಎಷ್ಟು ಸಲ ಹಾಕಬೇಕು ಅನ್ನುವುದಕ್ಕೂ ಮೀನಿನ ಒಳಾಂಗವೇ ಉತ್ತರ. ಗಪ್ಪಿಗೂ ರಾಸ್ಬೋರಾಕ್ಕೂ ನಮಗಿರುವಂಥ ಜಠರವಿಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಕೂಡಿಟ್ಟುಕೊಳ್ಳಲು ಜಾಗವೇ ಇಲ್ಲದ ಮೀನಿಗೆ ಒಂದೇ ಸಲ ಸುರಿದರೆ ಅರ್ಧಂಬರ್ಧ ಜೀರ್ಣವಾಗಿ ಹಿಕ್ಕೆಯಾಗಿ ಹೊರಬರುತ್ತದೆ. ಅಷ್ಟೇ ಆಹಾರವನ್ನು ಬೆಳಿಗ್ಗೆ ಸಂಜೆ ಎರಡು ಪಾಲು ಮಾಡಿ ಹಾಕಿದಾಗ ತಳದಲ್ಲಿ ಕಸ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

ಇನ್ನು ತಳದವರ ವಿಷಯ. ಕೋರಿಯನ್ನು ಕಸ ಗುಡಿಸುವ ಮೀನು ಅಂತ ಹೇಳಿ ಮಾರುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದು ಹಿಕ್ಕೆ ತಿಂದು ಬದುಕುವ ಮೀನಲ್ಲ. ಉಳಿಕೆ ಪಳಿಕೆ ನಂಬಿಕೊಂಡರೆ ಸಾಯುವತನಕ ಅರೆಹೊಟ್ಟೆಯಲ್ಲೇ ಇರುತ್ತದೆ. ಅದಕ್ಕೆ ಅದರದ್ದೇ ಊಟ ಬೇಕು. (ಆಗಾಗ ಅದು ಬಾಣದಂತೆ ಮೇಲಕ್ಕೆ ಹೋಗಿ ಬರುವುದು ಆಹಾರಕ್ಕಲ್ಲ; ಒಂದು ಗುಟುಕು ಗಾಳಿ ನುಂಗಿ ಕರುಳಿನಲ್ಲಿ ಆಮ್ಲಜನಕ ಹೀರಿಕೊಳ್ಳುವುದು ಅದರ ಹುಟ್ಟುಗುಣ.)

ಗಟ್ಟಿ ಆಲ್ಜಿ ವೇಫರ್ (ಪಾಚಿಯ ಹೆಸರಿನ ಬಿಲ್ಲೆ) ಮತ್ತು ಬೇಗ ಬಿಚ್ಚಿಕೊಳ್ಳುವ ಮುಳುಗು ಪೆಲೆಟ್ (ಗುಳಿಗೆ), ಎರಡನ್ನೂ ಸಾಕಷ್ಟು ಕಾಲ ಬಳಸಿದೆ. ವೇಫರ್ ಬಿದ್ದ ಕೂಡಲೇ ಪ್ಲೆಕೊ ಅದರ ಮೇಲೆ ಮಲಗಿಬಿಡುತ್ತದೆ, ಕೆರೆಯುವ ಬಾಯಿಗೆ ಗಟ್ಟಿ ಪದಾರ್ಥ ಕಷ್ಟವೇ ಅಲ್ಲ. ಕೋರಿಗೆ ಕೆರೆಯುವ ಹಲ್ಲಿಲ್ಲ. ಅದು ಮೆತ್ತಗಾಗುವ ತನಕ ಸುತ್ತಮುತ್ತ ಸುಳಿದು, ಪ್ಲೆಕೊ ಬಾಲದ ಹೊಡೆತ ತಿಂದು ಹಿಂದೆ ಸರಿಯುತ್ತದೆ. ಪೆಲೆಟ್ ಹತ್ತಿಪ್ಪತ್ತು ನಿಮಿಷದಲ್ಲಿ ತರಿತರಿಯಾಗಿ ಮರಳಿನ ಮೇಲೆ ಹರಡುತ್ತದೆ. ಆಗ ಕೋರಿಗಳ ಊಟ ನೋಡಬೇಕು: ಮೂತಿಯನ್ನು ಕಣ್ಣಿನ ತನಕ ಮರಳಿನೊಳಗೆ ತೂರಿಸಿ, ಬಾಯ್ತುಂಬ ಮರಳು ತೆಗೆದುಕೊಂಡು, ತಿನ್ನುವ ತರಿ ಉಳಿಸಿಕೊಂಡು, ಬರಿ ಮರಳನ್ನು ಎರಡೂ ಕಿವಿರುಗಳಿಂದ ಸಣ್ಣ ಧಾರೆಯಾಗಿ ಹೊರಬಿಡುತ್ತವೆ. ಕೂಲಿ ಲೋಚ್‌ಗಳೂ ಇದೇ ತರಿಗೆ ಬಂದು ಸೇರುತ್ತವೆ. ಹಾಗಾಗಿ ಕೋರಿ, ಲೋಚ್‌ಗೆ ಪೆಲೆಟ್. ವೇಫರ್ ಪ್ಲೆಕೊಗೆ ಮಾತ್ರ, ಅದೂ ಟ್ಯಾಂಕಿನ ಇನ್ನೊಂದು ತುದಿಯಲ್ಲಿ.

ತಳದವರಿಗೆ ಯಾವುದು ಹಾಕಿದರೂ ಲೈಟ್ ಆರಿಸಿದ ಮೇಲೆ ಹಾಕಿ. ಇದು ನನ್ನ ಇಡೀ ಹೋಲಿಕೆಯಲ್ಲಿ ಸಿಕ್ಕ ಅತಿ ದೊಡ್ಡ ವ್ಯತ್ಯಾಸ. ಬೆಳಕಿದ್ದಾಗ ಹಾಕಿದ ಪೆಲೆಟ್ಟನ್ನು ಹೊಟ್ಟೆ ತುಂಬಿದ ಗಪ್ಪಿಗಳೂ ಕೆಳಗಿಳಿದು ಕುಕ್ಕುತ್ತವೆ. ಕತ್ತಲಲ್ಲಿ ಮೇಲಿನವು ಕಣ್ಣು ಕಾಣದೆ ಸುಮ್ಮನಾಗುತ್ತವೆ, ತಳದವು ವಾಸನೆ ಹಿಡಿದು ಮೀಸೆಯಿಂದ ಮುಟ್ಟಿ ಮುಟ್ಟಿ ಹುಡುಕಿಕೊಳ್ಳುತ್ತವೆ. ಹಗಲಲ್ಲಿ ಬಾಲವೂ ಕಾಣದ ಲೋಚ್‌ಗಳು ಹೊರಬರುವುದು ಆಗಲೇ.

ಆಲ್ಜಿ ವೇಫರ್ ಎಂಬ ಹೆಸರನ್ನು ಪೂರ್ತಿ ನಂಬಬೇಡಿ. ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ಮೀನಿನ ಪುಡಿ, ಗೋಧಿ ಹಿಟ್ಟು ಮೊದಲು ಬಂದು, ಪಾಚಿ ಎಲ್ಲೋ ಕೊನೆಗೆ ಬರುವ ಸರಕು ಎಷ್ಟೋ ಇವೆ. ಬ್ರಿಸಲ್‌ನೋಸ್‌ಗೆ ನಾರು ಬೇಕು. ಅದಕ್ಕೆ ತರಕಾರಿಯೇ ಸರಿ: ಬಿಸಿನೀರಲ್ಲಿ ಬಾಡಿಸಿದ ಸೌತೆಕಾಯಿ ಹೋಳು, ಸಿಪ್ಪೆ ತೆಗೆದು ಹಿಚುಕಿದ ಬಟಾಣಿ. ಸೌತೆ ಬಹುಪಾಲು ನೀರೇ, ಇಷ್ಟಪಟ್ಟು ತಿಂದರೂ ಪೋಷಣೆ ಕಡಿಮೆ. ಬಟಾಣಿಯಲ್ಲಿ ಹುರುಳಿದೆ, ಆದರೆ ಬೇಗ ಕಲಸಿಹೋಗುತ್ತದೆ. ರಾತ್ರಿ ಹಾಕಿದ್ದನ್ನು ಬೆಳಿಗ್ಗೆ ತೆಗೆಯಲೇಬೇಕು. ಟ್ಯಾಂಕಿನಲ್ಲೊಂದು ಮರದ ಬೇರು ಇದ್ದರೆ ಪ್ಲೆಕೊ ಅದನ್ನೂ ಕೆರೆದುಕೊಂಡು ಇರುತ್ತದೆ.

ವಾರಕ್ಕೆರಡು ಸಲದ ವಿಶೇಷ ಊಟಕ್ಕೆ ಮೂರರ ನಡುವೆ ಪೈಪೋಟಿ. ಫ್ರೋಜನ್ ಬ್ಲಡ್‌ವರ್ಮ್ ಹಾಕಿದರೆ ಇಡೀ ಟ್ಯಾಂಕ್ ಒಂದೇ ಕಡೆ ನುಗ್ಗುತ್ತದೆ. ಇದು ಹುಳುವಲ್ಲ, ಕೈರೊನೊಮಿಡ್ ಎಂಬ ನೊಣದ ಮರಿ. ಕೆಂಪು ಬಣ್ಣ ಅದರ ಹಿಮೋಗ್ಲೋಬಿನ್‌ನದು. ಕೋರಿಗಳಿಗೆ ಪ್ರಾಣ. ನಿಯಾನ್ ಬಾಯಿಗೆ ಮಾತ್ರ ಉದ್ದ ಹೆಚ್ಚು, ಅರ್ಧ ಹೊರಗೆ ನೇತಾಡಿಸಿಕೊಂಡು ಓಡಾಡುತ್ತದೆ. ಕೆಲವರಿಗೆ ಇದರಿಂದ ಅಲರ್ಜಿ ಬರುತ್ತದೆ, ಮೈ ತುರಿಕೆ, ಸೀನು. ಕೈಯಲ್ಲಿ ಮುಟ್ಟದೆ ಚಿಮಟದಲ್ಲಿ ಹಿಡಿಯುವುದು ಕ್ಷೇಮ. ಫ್ರೋಜನ್ ಯಾವುದೇ ಆಗಲಿ, ಬಟ್ಟಲಲ್ಲಿ ಕರಗಿಸಿ, ನೆಟ್‌ನಲ್ಲಿ ಸೋಸಿ, ಆ ರಸವನ್ನು ಚೆಲ್ಲಿ. ಅದು ಟ್ಯಾಂಕಿಗೆ ಹೋದರೆ ಪಾಚಿಗೆ ಗೊಬ್ಬರ.

ಡಾಫ್ನಿಯಾ, ಅಂದರೆ ಸಿಹಿನೀರಿನ ಪುಟ್ಟ ಚಿಪ್ಪುಜೀವಿ, ತೂಕಕ್ಕೆ ತೂಕ ಅಷ್ಟು ಪುಷ್ಟಿಯಲ್ಲ. ಆದರೂ ನನಗದು ಬ್ಲಡ್‌ವರ್ಮ್‌ಗಿಂತ ಮೇಲು. ಗಾತ್ರ ಎಲ್ಲರ ಬಾಯಿಗೂ ಹೊಂದುತ್ತದೆ, ನೀರಿನ ಎಲ್ಲ ಪದರಕ್ಕೂ ಹರಡಿಕೊಳ್ಳುತ್ತದೆ, ಜಗಳವಿಲ್ಲ. ಅದರ ಚಿಪ್ಪು ಜೀರ್ಣವಾಗದೆ ನಾರಿನ ಕೆಲಸ ಮಾಡುವುದರಿಂದ ಒಣ ಆಹಾರ ತಿಂದು ಹೊಟ್ಟೆ ಕಟ್ಟಿದ ಮೀನಿಗೆ ಹಿತ.

ಇವೆಲ್ಲಕ್ಕಿಂತ ಮೇಲೆ ಮೊಟ್ಟೆಯಿಂದ ಹೊಸದಾಗಿ ಒಡೆದು ಬಂದ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿ, ಅಂದರೆ ಆರ್ಟೀಮಿಯಾ. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, 26ರಿಂದ 28 ಡಿಗ್ರಿ ಬಿಸಿ, ಮೇಲೊಂದು ಲೈಟು, ಏರ್ ಪಂಪಿನ ಗುಳ್ಳೆ. ಸುಮಾರು 24 ಗಂಟೆಗೆ ಮೊಟ್ಟೆ ಒಡೆಯುತ್ತದೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪು ಮೇಲೆ ತೇಲುತ್ತದೆ. ಬಾಟಲಿಯ ಕೆಳಬದಿಗೆ ಟಾರ್ಚ್ ಹಿಡಿದರೆ ಮರಿಗಳು ಬೆಳಕಿನತ್ತ ಬಂದು ಕಿತ್ತಳೆ ಬಣ್ಣದ ಮೋಡವಾಗಿ ಸೇರುತ್ತವೆ. ಸಣ್ಣ ಪೈಪಿನಲ್ಲಿ ಎಳೆದು, ನುಣ್ಣನೆ ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ಒಮ್ಮೆ ಅದ್ದಿ ತೊಳೆದು ತಕ್ಷಣ ಹಾಕಬೇಕು. ಮರಿಯ ಸತ್ವವೆಲ್ಲ ಅದು ಹೊತ್ತು ಬಂದ ಮೊಟ್ಟೆಯ ಹಳದಿ ಭಾಗದಲ್ಲಿರುವುದರಿಂದ, ಗಂಟೆಗಳು ಕಳೆದಂತೆ ಅದು ಖರ್ಚಾಗುತ್ತದೆ. ಸಿಹಿನೀರಲ್ಲೂ ಒಂದಷ್ಟು ಹೊತ್ತು ಈಜುತ್ತಿರುತ್ತವೆ, ಮೀನುಗಳಿಗೆ ಅದೇ ಬೇಟೆ. ಐದು ನಿಮಿಷಕ್ಕೆ ನಿಯಾನ್‌ಗಳ ತೆಳು ಹೊಟ್ಟೆಯೊಳಗೆ ಕಿತ್ತಳೆ ಬಣ್ಣ ಕಾಣತೊಡಗುತ್ತದೆ. ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅಂತ ಕಣ್ಣಾರೆ ಎಣಿಸಬಹುದಾದ ಆಹಾರ ಇದೊಂದೇ. ಕೆಲಸ ಜಾಸ್ತಿ, ಒಪ್ಪುತ್ತೇನೆ. ಬಿಡುವಿರುವ ವಾರ ಇದು, ಇಲ್ಲದ ವಾರ ಡಾಫ್ನಿಯಾ, ಬ್ಲಡ್‌ವರ್ಮ್ ಅಪರೂಪಕ್ಕೆ.

ಜೀವಂತ ಟ್ಯುಬಿಫೆಕ್ಸ್ ಬಗ್ಗೆ ಕೇಳುವವರಿದ್ದಾರೆ. ಅದು ಕೊಳಕು ನೀರಿನ ಕೆಸರಲ್ಲಿ ಬೆಳೆಯುವ ಹುಳು, ರೋಗವನ್ನೂ ಪರಾವಲಂಬಿಯನ್ನೂ ಹೊತ್ತು ತರಬಲ್ಲದು. ನಾನು ಹಾಕುವುದಿಲ್ಲ.

ಒಂದು ಮಾತು ನೀರಿನ ಬಗ್ಗೆ. ತಿನ್ನದೆ ಉಳಿದ ಪ್ರೋಟೀನ್ ಕೊಳೆತು ಅಮೋನಿಯಾ ಆಗುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೀರು ಬೆಚ್ಚಗಾದಷ್ಟೂ, ಪಿಎಚ್ ಏರಿದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷ. ಈ ಲೆಕ್ಕದಲ್ಲಿ ನನ್ನ ಟ್ಯಾಂಕಿಗೆ ಅತಿ ಭಾರವಾದದ್ದು ಬೆಳಗಿನ ತನಕ ಉಳಿದ ವೇಫರ್, ಅತಿ ಹಗುರವಾದದ್ದು ಆರ್ಟೀಮಿಯಾ. ವೇಫರನ್ನು ಅರ್ಧ ಮುರಿದು ಹಾಕಿ, ಒಂದೇ ಪ್ಲೆಕೊಗೆ ಅಷ್ಟು ಧಾರಾಳವಾಗಿ ಸಾಕು. ಒಣ ಆಹಾರದ ಡಬ್ಬಿಯೂ ಚಿಕ್ಕದೇ ಇರಲಿ; ತೆರೆದ ಮೇಲೆ ಮೂರು ತಿಂಗಳೊಳಗೆ ಮುಗಿಯುವಷ್ಟು. ಗಾಳಿ ತಾಗಿದ ಎಣ್ಣೆ ಕಮಟುತ್ತದೆ, ವಿಟಮಿನ್ ಇಳಿಯುತ್ತದೆ.

ಊರಿಗೆ ಹೋಗುವಾಗ ಏನು ಮಾಡುವುದು? ಮೆಲ್ಲಗೆ ಕರಗುವ ರಜಾ ಬ್ಲಾಕ್ (ಆಹಾರದ ಗಟ್ಟಿ) ನೀರನ್ನು ಮಸುಕು ಮಾಡುತ್ತದೆ, ಅರ್ಧಕ್ಕರ್ಧ ತಿನ್ನದೆ ಉಳಿಯುತ್ತದೆ. ತಾನೇ ಆಹಾರ ಉದುರಿಸುವ ಆಟೊ ಫೀಡರ್ ಕಾಳಿಗಾದರೆ ಚೆನ್ನಾಗಿ ನಡೆಯುತ್ತದೆ. ಫ್ಲೇಕ್ಸ್ ತೇವ ಹಿಡಿದು ಫೀಡರಿನ ಬಾಯಿಗೆ ಅಂಟಿಕೊಳ್ಳುತ್ತದೆ, ಮತ್ತೆ ಫೀಡರಿನಿಂದ ತಳದವರಿಗೆ ರಾತ್ರಿಯ ಊಟ ಸಿಗುವುದಿಲ್ಲ. ಆರೋಗ್ಯವಾಗಿರುವ ದೊಡ್ಡ ಮೀನುಗಳು ಮೈ ಬಿಸಿಯಿಡಲು ಶಕ್ತಿ ಖರ್ಚು ಮಾಡುವುದಿಲ್ಲ, ಹಾಗಾಗಿ ಒಂದು ವಾರ ಏನೂ ಹಾಕದಿದ್ದರೂ ತಡೆದುಕೊಳ್ಳುತ್ತವೆ. ಒಂದು ವಾರದೊಳಗಿನ ಪ್ರಯಾಣಕ್ಕೆ ನಾನು ಏನೂ ಹಾಕದೆಯೇ ಹೋಗುತ್ತೇನೆ. ಗಪ್ಪಿ ಮರಿಗಳಿದ್ದರೆ ಹಾಗೆ ಮಾಡಲಾಗದು, ಅವಕ್ಕೆ ದಿನವೂ ಬೇಕು. ಆಗ ಪಕ್ಕದ ಮನೆಯವರಿಗೆ ದಿನಕ್ಕೊಂದರಂತೆ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದು ಕೊಟ್ಟು, ಡಬ್ಬಿಗಳನ್ನೆಲ್ಲ ಕಪಾಟಿನೊಳಗಿಟ್ಟು ಹೋಗುತ್ತೇನೆ.