ಟೇಪಿನಿಂದ ಡಿವಿಡಿಗೆ: ಬೆರಳುಗಳು ಬೆರಳುಗಳಾಗಿಯೇ ಉಳಿದವು

ಹಳೆಯ ಕ್ಯಾಮ್‌ಕಾರ್ಡರ್ ಟೇಪುಗಳನ್ನು ಡಿವಿಡಿಗೆ ಹಾಕಿಕೊಡುವ ಅಂಗಡಿಗಳು ಬೆಂಗಳೂರಿನಲ್ಲಿ ಹುಡುಕಿದರೆ ಸಿಗುತ್ತವೆ. ಟೇಪಿನಲ್ಲಿರುವ ಚಿತ್ರವನ್ನು ಕೆಡಿಸದೆ ಹೊರತೆಗೆದುಕೊಡುವವರು ಸಿಗುವುದು ಕಷ್ಟ. ರಾಜಾಜಿನಗರದಲ್ಲಿ, ನವರಂಗ್ ವೃತ್ತದಿಂದ ಸ್ವಲ್ಪ ಒಳಗೆ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅಂಥವರೊಬ್ಬರಿದ್ದಾರೆ. ಬಾಗಿಲಿಗೆ ಫಲಕವಿಲ್ಲ. ಹಿಂದೆ ಮದುವೆಗಳ ವಿಡಿಯೊ ತೆಗೆಯುತ್ತಿದ್ದವರು, ಆ ಕಾಲದ ಕ್ಯಾಮೆರಾಗಳನ್ನು ಮಾರದೆ ದುರಸ್ತಿ ಮಾಡಿಸಿಕೊಂಡು ಇಟ್ಟುಕೊಂಡಿದ್ದಾರೆ. ನನ್ನ ಶಿಷ್ಯೆಯರ ರಂಗಪ್ರವೇಶದ ಟೇಪುಗಳನ್ನೆಲ್ಲ ಅವರಿಗೇ ಒಪ್ಪಿಸಿದೆ. ಕೆಲಸ ಮುಗಿದು ಎಲ್ಲವೂ ಮನೆಗೆ ಬಂದಿವೆ. ನೃತ್ಯ ಕಲಿಸುವವರ ಬೀರುಗಳಲ್ಲಿ ಇಂಥ ಟೇಪುಗಳು ಇನ್ನೂ ಎಷ್ಟೋ ಕುಳಿತಿರುತ್ತವೆ ಎಂದು ಗೊತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮಲ್ಲೇಶ್ವರದಲ್ಲಿ ನಾನು ಭರತನಾಟ್ಯ ಹೇಳಿಕೊಡುತ್ತೇನೆ. ಸೇವಾ ಸದನದಲ್ಲಿ, ಎ.ಡಿ.ಎ. ರಂಗಮಂದಿರದಲ್ಲಿ, ರವೀಂದ್ರ ಕಲಾಕ್ಷೇತ್ರದಲ್ಲಿ ನಡೆದ ಕಾರ್ಯಕ್ರಮಗಳು ಮೊದಲು ಹೈ8 ಎಂಬ ಅನಲಾಗ್ ಟೇಪಿನಲ್ಲಿ, ಆಮೇಲೆ ಮಿನಿ ಡಿವಿ ಎಂಬ ಡಿಜಿಟಲ್ ಟೇಪಿನಲ್ಲಿ ದಾಖಲಾಗಿವೆ. ನಮಗೆ ಚಿತ್ರದ ಗುಣಮಟ್ಟ ಎಂದರೆ ಬಣ್ಣ ಹೊಳೆಯುವುದಲ್ಲ. ಮೂರನೆಯ ಕಾಲದಲ್ಲಿ, ಅಂದರೆ ಅತಿ ವೇಗದಲ್ಲಿ, ಕೈ ತಿರುಗಿದಾಗ ಹಸ್ತ (ಬೆರಳುಗಳ ಮುದ್ರೆ) ಕಾಣಬೇಕು. ಪಾದ ನೆಲಕ್ಕೆ ತಾಗುವ ಕ್ಷಣದಲ್ಲೇ ನಟುವಾಂಗದ, ಅಂದರೆ ಗುರು ನುಡಿಸುವ ಕೈತಾಳದ, ಸದ್ದು ಕೇಳಬೇಕು. ಇವೆರಡು ತಪ್ಪಿದರೆ ಆ ದಾಖಲೆಯಿಂದ ಮುಂದಿನ ಮಕ್ಕಳಿಗೆ ಏನನ್ನೂ ಕಲಿಸಲಾಗುವುದಿಲ್ಲ.

ಇವರ ಬಳಿಗೆ ಬರುವ ಮೊದಲು ಬೇರೊಂದು ಕಡೆ ಕೆಲವು ಟೇಪುಗಳನ್ನು ಕೊಟ್ಟಿದ್ದೆ. ಅಲ್ಲಿ ಕ್ಯಾಮೆರಾದ ಹಳದಿ ಪಿನ್ನಿನ ಕೇಬಲ್ಲನ್ನು ಡಿವಿಡಿ ರೆಕಾರ್ಡರಿಗೆ ಸಿಕ್ಕಿಸಿ, ಮೂರು ಟೇಪುಗಳನ್ನು ಒಂದೇ ಡಿಸ್ಕಿಗೆ ತುಂಬಿದ್ದರು. ಬೆಲೆಯೇನೋ ಅಗ್ಗ. ಮನೆಗೆ ತಂದು ನೋಡಿದರೆ ಜರಿಯಂಚಿನ ಸುತ್ತ ಚುಕ್ಕಿಗಳು ಹರಿದಾಡುತ್ತಿದ್ದವು, ಕೆಂಪು ಸೀರೆಯ ಬಣ್ಣ ಅಂಚು ದಾಟಿ ಹರಡಿತ್ತು, ವೇಗದ ಅಡವು ಬಂದ ಕೂಡಲೇ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಅದೂ ಸಾಲದೆಂದು 4:3 ಅಳತೆಯ ಚಿತ್ರವನ್ನು ಅಗಲದ ಟಿವಿಗೆ ಹೊಂದುವಂತೆ ಎಳೆದಿದ್ದರು. ಹುಡುಗಿಯರು ಮಂಡಿ ಬಗ್ಗಿಸಿ ನಿಲ್ಲುವ ಅರಮಂಡಿಯ ಕೋನವೇ ಬದಲಾಗಿತ್ತು. ಇದನ್ನು ನೋಡಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ರಾಜಾಜಿನಗರದವರು ಆ ಡಿಸ್ಕನ್ನು ನೋಡಿದರು. "ಟೇಪು ಚೆನ್ನಾಗಿಯೇ ಇದೆ ಮೇಡಂ, ದಾರಿಯಲ್ಲಿ ಹಾಳಾಗಿದೆ" ಎಂದರು. ಮಿನಿ ಡಿವಿ ಟೇಪಿನಲ್ಲಿ ಇರುವುದು ಆಗಲೇ ಅಂಕಿಗಳಾಗಿರುವ ಚಿತ್ರ. ಅದನ್ನು ಹಳದಿ ಪಿನ್ನಿನ ಮೂಲಕ ತೆಗೆದರೆ ಅಂಕಿಗಳು ಅನಲಾಗ್ ಸಂಕೇತವಾಗಿ, ಬಣ್ಣವೂ ಬೆಳಕೂ ಒಂದೇ ತಂತಿಯಲ್ಲಿ ಬೆರೆತು, ಆ ಬದಿಯಲ್ಲಿ ಮತ್ತೆ ಅಂಕಿಗಳಾಗಬೇಕು. ಫೈರ್‌ವೈರ್ ಕೇಬಲ್ಲಿನಲ್ಲಿ ಹಾಗಿಲ್ಲ. ಸೋನಿ ಕ್ಯಾಮೆರಾಗಳಲ್ಲಿ ಐ.ಲಿಂಕ್ ಎಂದು ಬರೆದಿರುವ ಸಣ್ಣ ಕಿಂಡಿ ಅದೇ. ಟೇಪಿನಲ್ಲಿ ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಇಳಿಯುತ್ತದೆ. ಗಂಟೆಯ ಟೇಪಿಗೆ ಗಂಟೆಯೇ ಹಿಡಿಯುತ್ತದೆ, ಸುಮಾರು 13 ಗಿಗಾಬೈಟ್ ಜಾಗ ಬೇಕಾಗುತ್ತದೆ. ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿಯೂ ಇತ್ತಲ್ಲ ಎಂದು ಕೇಳಿದೆ. ಆ ಕಾಲದ ಹೆಚ್ಚಿನ ಮಿನಿ ಡಿವಿ ಕ್ಯಾಮೆರಾಗಳಲ್ಲಿ ಅದು ಫೋಟೊಗಳಿಗೆ, ಹೆಚ್ಚೆಂದರೆ ವೆಬ್‌ಕ್ಯಾಮ್ ಮಟ್ಟದ ಚಿತ್ರಕ್ಕೆ ಇರುವುದಂತೆ. ಹೊಸ ಕಂಪ್ಯೂಟರುಗಳಲ್ಲಿ ಫೈರ್‌ವೈರ್ ಇರುವುದಿಲ್ಲವಾದ್ದರಿಂದ, ಅದರ ಕಾರ್ಡು ಹಾಕಿದ ಹಳೆಯ ಡೆಸ್ಕ್‌ಟಾಪ್ ಒಂದನ್ನು ಅವರು ಇದಕ್ಕೆಂದೇ ಕಾಪಾಡಿಕೊಂಡಿದ್ದಾರೆ.

ಹೈ8 ಟೇಪುಗಳಿಗೆ ಅವರ ಬಳಿ ಡಿಜಿಟಲ್8 ಕ್ಯಾಮೆರಾ ಇದೆ. ಅದು ಹಳೆಯ ಅನಲಾಗ್ ಟೇಪನ್ನು ಓದಿ ತಾನೇ ಡಿವಿಗೆ ಪರಿವರ್ತಿಸಿ ಫೈರ್‌ವೈರ್ ಮೂಲಕ ಕಳುಹಿಸುತ್ತದೆ. ಎಲ್ಲ ಡಿಜಿಟಲ್8 ಕ್ಯಾಮೆರಾಗಳಿಗೂ ಈ ಶಕ್ತಿ ಇಲ್ಲ, ಕೇಳಿ ತಿಳಿದುಕೊಳ್ಳಬೇಕು.

ಅವರು ಕೆಲಸ ಮಾಡುವ ಬಗೆಯನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಟೇಪನ್ನು ಬೆಳಕಿಗೆ ಹಿಡಿದು ಬೂಷ್ಟು ಇದೆಯೇ ಎಂದು ಮೊದಲು ಪರೀಕ್ಷಿಸುತ್ತಾರೆ. ಆಮೇಲೆ ಕೊನೆಯವರೆಗೆ ಒಮ್ಮೆ ಮುಂದೆ ಓಡಿಸಿ, ಹಿಂದಕ್ಕೆ ಸುತ್ತುತ್ತಾರೆ. ವರ್ಷಗಟ್ಟಲೆ ಅಲುಗಾಡದೆ ಇದ್ದ ಟೇಪಿನ ಬಿಗಿ ಇದರಿಂದ ಸಮವಾಗುತ್ತದೆ. ನನ್ನದೊಂದು ಟೇಪಿನಲ್ಲಿ ಮೊದಲ ನೃತ್ಯವಾದ ಅಲ್ಲಾರಿಪಿನ ನಡುವೆ ಪರದೆಯ ತುಂಬ ಅಡ್ಡಪಟ್ಟಿಗಳಲ್ಲಿ ಚೌಕಗಳು ಎದ್ದವು. ಟೇಪು ಹೋಯಿತೆಂದು ನನ್ನ ಎದೆ ಧಸಕ್ಕೆಂದಿತು. ಅವರು ಕ್ಯಾಮೆರಾದ ಹೆಡ್ (ಟೇಪನ್ನು ಓದುವ ಭಾಗ) ಶುಚಿಗೊಳಿಸುವ ಟೇಪನ್ನು ಕೆಲವೇ ಸೆಕೆಂಡು ಓಡಿಸಿ, ಅದೇ ಜಾಗವನ್ನು ಮತ್ತೆ ಹಾಕಿದರು. ಚಿತ್ರ ತಿಳಿಯಾಗಿ ಬಂತು. ಆ ಭಾಗವನ್ನಷ್ಟೇ ಜೋಡಿಸದೆ ಇಡೀ ಟೇಪನ್ನು ಮೊದಲಿನಿಂದ ಮತ್ತೆ ಇಳಿಸಿಕೊಂಡರು, ಅದಕ್ಕೆ ಹೆಚ್ಚಿಗೆ ಹಣ ಕೇಳಲಿಲ್ಲ.

ಡಿಸ್ಕ್ ಮಾಡುವಾಗ ಅವರು ತೋರಿಸಿದ ವಿವೇಕವೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಡಿವಿಯಲ್ಲಿ ಸೆಕೆಂಡಿಗೆ 25 ಮೆಗಾಬಿಟ್ ಚಿತ್ರವಿದೆ, ಡಿವಿಡಿಯಲ್ಲಿ ಚಿತ್ರಕ್ಕೆ ಮಿತಿ 9.8. ಹಾಗಾಗಿ ಡಿಸ್ಕ್ ಎಂದರೆ ಸ್ವಲ್ಪವಾದರೂ ಕಳೆದುಕೊಳ್ಳುವುದೇ. ಎಷ್ಟು ಎನ್ನುವುದು ನಾವು ಒಂದರಲ್ಲಿ ಎಷ್ಟು ತುರುಕುತ್ತೇವೆ ಎನ್ನುವುದರ ಮೇಲೆ ನಿಂತಿದೆ. ಅವರು ಒಂದು ಡಿಸ್ಕಿಗೆ ಒಂದೇ ಟೇಪು ಎನ್ನುತ್ತಾರೆ. ಚಿತ್ರಕ್ಕೆ 8 ಮೆಗಾಬಿಟ್ ಕೊಟ್ಟು, ಧ್ವನಿಯನ್ನು ಕುಗ್ಗಿಸದೆ ಪಿಸಿಎಂ ಆಗಿಯೇ ಇಟ್ಟರೂ ಒಂದು ಗಂಟೆ 4.7 ಗಿಗಾಬೈಟಿನಲ್ಲಿ ಹಿಡಿಯುತ್ತದೆ. ರಂಗದ ಮಂದ ಬೆಳಕಿನಲ್ಲಿ ತೆಗೆದ ಚಿತ್ರದ ಕಪ್ಪು ಭಾಗಗಳಲ್ಲಿ ಕಾಳುಕಾಳಾದ ಚುಕ್ಕಿಗಳ ಗದ್ದಲ ಇರುತ್ತದೆ. ಕುಗ್ಗಿಸುವ ತಂತ್ರಾಂಶ ಆ ಗದ್ದಲಕ್ಕೂ ಬಿಟ್ಟುಗಳನ್ನು ಖರ್ಚು ಮಾಡುವುದರಿಂದ ನೃತ್ಯದ ಟೇಪಿಗೆ ಜಿಪುಣತನ ಸಲ್ಲದು.

ಇನ್ನೊಂದು ಸೂಕ್ಷ್ಮ ನರ್ತಕರಿಗೆಲ್ಲ ಗೊತ್ತಿರಬೇಕು. ನಮ್ಮ ಟಿವಿಗಳ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು, ಒಂದೊಂದರಲ್ಲೂ ಒಂದು ಬಿಟ್ಟು ಒಂದು ಸಾಲಿನಂತೆ ಹೆಣೆದ, ಬೇರೆ ಬೇರೆ ಕ್ಷಣದ ಎರಡು ಅರ್ಧಗಳು. ಅಂದರೆ ಚಲನೆಯ 50 ಕ್ಷಣಗಳು ಸೆಕೆಂಡಿಗೆ ದಾಖಲಾಗಿವೆ. ಡಿವಿಯೂ ಡಿವಿಡಿಯೂ ಇದನ್ನೇ ಬಳಸುತ್ತವೆ, ಅಳತೆಯೂ ಎರಡರಲ್ಲೂ 720×576. ಆದ್ದರಿಂದ ಹಿಗ್ಗಿಸದೆ, ಕುಗ್ಗಿಸದೆ, ಅರ್ಧಗಳನ್ನು ಬೆಸೆಯದೆ ಬಿಟ್ಟುಬಿಡುವುದೇ ಸರಿಯಾದ ಕೆಲಸ. ಡಿವಿಯಲ್ಲಿ ಪ್ರತಿ ಜೋಡಿ ಸಾಲಿನ ಕೆಳಗಿನ ಸಾಲುಗಳಿರುವ ಅರ್ಧ ಮೊದಲು ಬರುತ್ತದೆ. ತಂತ್ರಾಂಶಕ್ಕೆ ಇದನ್ನು ತಪ್ಪಾಗಿ ಹೇಳಿದರೆ ಕೈ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋದಂತೆ ನಡುಗುತ್ತದೆ.

ಪದವರ್ಣದಲ್ಲಿ ಮೂರು ವೇಗಗಳಲ್ಲಿ ಬರುವ ತ್ರಿಕಾಲ ಜತಿಯ ಭಾಗವನ್ನು ಎರಡೂ ಡಿಸ್ಕುಗಳಿಂದ ಅವರ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಹಾಕಿಸಿ ನೋಡಿದೆ. ಮೊದಲ ಅಂಗಡಿಯದರಲ್ಲಿ ಕೈಯ ಅಂಚು ಬಾಚಣಿಗೆಯ ಹಲ್ಲುಗಳಂತೆ ಸೀಳಿತ್ತು, ತಾಳದ ಸದ್ದು ಪಾದಕ್ಕಿಂತ ಕೊಂಚ ತಡವಾಗಿತ್ತು. ಇವರದರಲ್ಲಿ ಕಟಕಾಮುಖ ಹಸ್ತ ಬಿಚ್ಚಿಕೊಂಡು ಅಲಪದ್ಮ ಹಸ್ತವಾಗುವಾಗ ಕಿರುಬೆರಳು ಮೊದಲು ಸರಿಯುವುದು, ಉಳಿದವು ಅದನ್ನು ಹಿಂಬಾಲಿಸುವುದು, ಬೆರಳ ತುದಿಯ ಅಲತಿಗೆಯ ಕೆಂಪು ಎಲ್ಲವೂ ಕಾಣುತ್ತಿತ್ತು. ಆ ಹುಡುಗಿ ಈಗ ಹೊರದೇಶದಲ್ಲಿದ್ದಾಳೆ. ಅವಳ ಕೈ ಎಷ್ಟು ಶುದ್ಧವಾಗಿತ್ತೆಂದು ನೆನಪಿನಿಂದ ಹೇಳುತ್ತಿದ್ದೆ, ಈಗ ತೋರಿಸಬಲ್ಲೆ.

ಕೊರತೆಗಳೂ ಇವೆ. ಐದೈದು ನಿಮಿಷಕ್ಕೊಂದು ಅಧ್ಯಾಯ ಹಾಕಿ ಮೊದಲ ಡಿಸ್ಕುಗಳನ್ನು ಕೊಟ್ಟಿದ್ದರು, ಜತಿಸ್ವರದ ಮಧ್ಯೆ ಅಧ್ಯಾಯ ಬಿದ್ದಿತ್ತು. ಕೃತಿಗಳ ಪಟ್ಟಿ ಬರೆದುಕೊಟ್ಟ ಮೇಲೆ ಸರಿಯಾಗಿ ಮಾಡಿದರು. ಕೆಲಸ ನಿಧಾನ, ಹೇಳಿದ ದಿನಕ್ಕೆ ಸಿಗುತ್ತದೆ ಎಂದು ನಂಬಬೇಡಿ. ಡಿಸ್ಕಿನ ಮೇಲೆ ಕಾಗದದ ಚೀಟಿ ಅಂಟಿಸುವ ಅಭ್ಯಾಸವೂ ಅವರಿಗಿದೆ. ಚೀಟಿ ಮುದುರಿದರೆ ಡಿಸ್ಕ್ ತಿರುಗುವಾಗ ಓಲಾಡುತ್ತದೆ, ಆದ್ದರಿಂದ ಬೇಡ ಎಂದು ಮೊದಲೇ ಹೇಳಿ.

ನನಗೆ ಒಂದು ಟೇಪಿಗೆ, ಡಿಸ್ಕೂ ಸೇರಿ, 500 ರೂಪಾಯಿ ಬಿತ್ತು. ಮೂಲ ಡಿವಿ ಫೈಲನ್ನೂ ಕೇಳಿ ಪಡೆಯಿರಿ. ಅದಕ್ಕೆ ನಿಮ್ಮದೇ ಹಾರ್ಡ್ ಡಿಸ್ಕ್ ಒಯ್ಯಬೇಕು. ಒಂದು ಟೆರಾಬೈಟಿನಲ್ಲಿ ಗಂಟೆಯ ಟೇಪುಗಳು 70ಕ್ಕೂ ಹೆಚ್ಚು ಹಿಡಿಯುತ್ತವೆ. ಕಡಿಮೆ ಟೇಪಿನಲ್ಲಿ ಹೆಚ್ಚು ಹೊತ್ತು ತುಂಬಲು ಎಲ್‌ಪಿ (ಲಾಂಗ್ ಪ್ಲೇ) ವಿಧಾನದಲ್ಲಿ ಚಿತ್ರಿಸಿದ್ದರೆ ಆಗ ಬಳಸಿದ ಕ್ಯಾಮೆರಾವನ್ನೂ ಜೊತೆಗೆ ಕೊಡಿ. ಆ ಟೇಪುಗಳು ಬೇರೆ ಕ್ಯಾಮೆರಾದಲ್ಲಿ ಸರಿಯಾಗಿ ಓಡದಿರುವುದುಂಟು. ಭಾನುವಾರ ಬಾಗಿಲು ಹಾಕಿರುತ್ತದೆ, ಉಳಿದ ದಿನ ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ.