ವೀಗನ್ ಬಾಣಂತಿಗೆ ಮನೆ ಬಾಗಿಲಿಗೆ ಊಟದ ಡಬ್ಬಿ: ರುಚಿಗೆ ಪೂರ್ತಿ ಮಾರ್ಕ್ಸ್, ಕಾಳಿಗೆ ಅರ್ಧ

ಮೈಸೂರಿನಲ್ಲಿ ಬಾಣಂತಿಯರಿಗೆ ಅಂತಲೇ ಅಡುಗೆ ಮಾಡಿ ಮನೆಗೆ ಕಳಿಸುವ ಒಂದು ಡಬ್ಬಿ ಊಟದ ಬಗ್ಗೆ ಇದು. ಮಾಮೂಲಿ ಬಾಣಂತಿ ಊಟ ಅಲ್ಲ. ಹಾಲು, ಮೊಸರು, ತುಪ್ಪ ಏನೂ ಇಲ್ಲದ ವೀಗನ್ ಊಟ. ಹೆಸರು ಬರೆಯುವುದಿಲ್ಲ. ದೂರು ಒಂದೆರಡು ಇವೆ, ಅವರು ಮನೆಯಲ್ಲೇ ಚಿಕ್ಕದಾಗಿ ಮಾಡಿಕೊಂಡು ಹೋಗುವವರು, ಜೊತೆಗೆ ನಾನು ಇಲ್ಲಿ ಹಾಕುವ ಲೆಕ್ಕವನ್ನು ನೀವು ಯಾರ ಡಬ್ಬಿಗಾದರೂ ಹಾಕಿ ನೋಡಬಹುದು. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ: ರುಚಿ ಚೆನ್ನಾಗಿದೆ, ಶುಚಿ ಚೆನ್ನಾಗಿದೆ, ಆದರೆ ಪ್ರೋಟೀನ್ ಮಾತ್ರ ಬಾಯಿಬಿಟ್ಟು ಕೇಳಿ ಹಾಕಿಸಿಕೊಳ್ಳಬೇಕು. ಕೇಳದಿದ್ದರೆ ಬರುವುದು ಅನ್ನ, ತಿಳಿಸಾರು, ಸೊಪ್ಪು.

ನಾನು ಹಾಲು, ತುಪ್ಪ ಬಿಟ್ಟು ವರ್ಷಗಳೇ ಆಗಿವೆ. ಮಗುವಿಗೆ ಇನ್ನೂ ಆರು ತಿಂಗಳು ತುಂಬಿಲ್ಲ, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿಲ್ಲ. ಮಂಡ್ಯದಲ್ಲಿ ಅಮ್ಮನ ಮನೆಯಲ್ಲಿ ಬಾಣಂತನ ಮುಗಿಸಿಕೊಂಡು ಸರಸ್ವತಿಪುರಂ ಮನೆಗೆ ಬಂದ ಮೇಲೆ ಒಲೆ ಮುಂದೆ ನಿಲ್ಲುವುದೇ ಕಷ್ಟ ಆಯ್ತು. ಒಗ್ಗರಣೆ ಹಾಕುವಷ್ಟರಲ್ಲಿ ಅಳು ಶುರು. ಹಾಗಾಗಿ ಡಬ್ಬಿ. ಎರಡು ಹೊತ್ತಿಗೆ ಸೇರಿ ದಿನಕ್ಕೆ 260 ರೂಪಾಯಿ, ವಾರದ ದುಡ್ಡು ಮುಂಗಡ. ನಾಲ್ಕು ಬಟ್ಟಲಿನ ಸ್ಟೀಲ್ ಕ್ಯಾರಿಯರ್, ಪ್ಲಾಸ್ಟಿಕ್ ಇಲ್ಲ. ಬಿಸಿಬಿಸಿಯಾಗಿ ಬರುತ್ತದೆ, ಹೆಚ್ಚುಕಮ್ಮಿ ಹೇಳಿದ ಹೊತ್ತಿಗೇ ಬರುತ್ತದೆ. ಇಷ್ಟಕ್ಕೆ ನನ್ನದೇನೂ ತಕರಾರಿಲ್ಲ.

ಈಗ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಹೈದರಾಬಾದ್ ಪೌಷ್ಟಿಕಾಂಶ ಸಂಸ್ಥೆ ಎನ್‌ಐಎನ್ 2020ರಲ್ಲಿ ಕೊಟ್ಟ ಪಟ್ಟಿ ಪ್ರಕಾರ 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಹಾಲುಣಿಸುವ ಮೊದಲ ಆರು ತಿಂಗಳು ಅದರ ಮೇಲೆ 17 ಗ್ರಾಂ, ಮುಂದಿನ ಆರು ತಿಂಗಳು 13 ಗ್ರಾಂ. ಅಂದರೆ ನನಗೆ ಈಗ 63 ಗ್ರಾಂ ಹತ್ತಿರ. ಕಾಳು, ಧಾನ್ಯದ ಪ್ರೋಟೀನ್ ಹಾಲು ಮೊಟ್ಟೆಯಷ್ಟು ಸಲೀಸಾಗಿ ಅರಗಲ್ಲ, ಅದಕ್ಕೆ ಸ್ವಲ್ಪ ಜಾಸ್ತಿಯೇ ಇದ್ದರೆ ಒಳ್ಳೆಯದು. ಕ್ಯಾಲೊರಿ ಕೂಡ 600 ಹೆಚ್ಚು ಬೇಕು, ಆದರೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಹಾಲು ಕುಡಿಸಿ ಎದ್ದಾಗ ಬರುವ ಹಸಿವೇ ಅದನ್ನು ನೋಡಿಕೊಳ್ಳುತ್ತದೆ. ತೊಂದರೆ ಏನಂದರೆ ಆ ಹಸಿವಿಗೆ ಕೈ ಹೋಗುವುದು ಬ್ರೆಡ್ಡಿಗೆ, ಅನ್ನಕ್ಕೆ. ಹುರುಳಿಕಾಳಿಗಂತೂ ಅಲ್ಲ.

ಅಮ್ಮನ ಚಿಂತೆ ಬೇರೆ. "ಅಲ್ಲ ಕಣವ್ವ, ತುಪ್ಪ ಮುಟ್ಟಲ್ಲ ಅಂತೀಯ, ಹಾಲು ಮುಟ್ಟಲ್ಲ ಅಂತೀಯ, ಮಗೀಗೆ ಹಾಲು ಎಲ್ಲಿಂದ ಬತ್ತದೆ?" ಅಂತ ದಿನಾ ಫೋನು. ಹಾಲು ಬರುತ್ತದೆ. ತಾಯಿ ಊಟದಲ್ಲಿ ಪ್ರೋಟೀನ್ ಕಮ್ಮಿ ಇದ್ದರೂ ಎದೆಹಾಲಿನ ಪ್ರೋಟೀನ್ ಅಷ್ಟಾಗಿ ಇಳಿಯಲ್ಲ. ಅದು ತಾಯಿಯ ಮೈಯಿಂದ ಹೋಗುತ್ತದೆ, ಅಷ್ಟೇ. ಮಗು ತೂಕ ಏರುತ್ತಿದೆ ಅಂತ ಮನೆಯವರೆಲ್ಲ ಖುಷಿಯಲ್ಲಿರುತ್ತಾರೆ, ಬಾಣಂತಿ ಸೊರಗುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದಕ್ಕೇ ಈ ಡಬ್ಬಿಯನ್ನು ನಾನು ರುಚಿಗಿಂತ ಜಾಸ್ತಿ ಗ್ರಾಂ ಲೆಕ್ಕದಲ್ಲಿ ನೋಡಿದೆ.

ಇವರ ಕೈಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರುವುದು ಮುದ್ದೆ, ಮೊಳಕೆ ಹುರುಳಿಕಾಳಿನ ಸಾರು. ಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಉಗುರುದ್ದ ಬಂದ ಮೇಲೆ ಮಾಡುತ್ತಾರೆ. ಸಾರಿನಲ್ಲಿ ಕೊಬ್ಬರಿ, ಹುರಿದ ಈರುಳ್ಳಿ, ಕೈತುಂಬ ಬೆಳ್ಳುಳ್ಳಿ. ಬಾಣಂತಿಗೆ ಅಂತ ಖಾರ ಕಮ್ಮಿ, ಮೆಣಸು ಮುಂದೆ. ಸೌಟು ಹಾಕಿದರೆ ಕಾಳೇ ಬರುತ್ತದೆ. ಒಣ ಹುರುಳಿಯಲ್ಲಿ ನೂರು ಗ್ರಾಂಗೆ 22 ಗ್ರಾಂ ಹತ್ತಿರ ಪ್ರೋಟೀನ್ ಇದೆ, ರಾಗಿಯಲ್ಲಿ 7. ಪ್ರೋಟೀನ್ ಆಗುವುದು ಅಮೈನೋ ಆಮ್ಲಗಳಿಂದ; ಅವುಗಳಲ್ಲಿ ಕಾಳಿನಲ್ಲಿ ಕಮ್ಮಿ ಇರುವ ಮೆಥಿಯೋನಿನ್ ರಾಗಿಯಲ್ಲಿ ಇದೆ, ರಾಗಿಯಲ್ಲಿ ಕಮ್ಮಿ ಇರುವ ಲೈಸಿನ್ ಕಾಳಿನಲ್ಲಿ ಇದೆ. ಮಂಡ್ಯ ಕಡೆಯ ಗದ್ದೆ ಕೆಲಸದವರು ಇದನ್ನೇ ತಿಂದು ಬಗ್ಗಿ ನಾಟಿ ಹಾಕಿದವರು, ಅವರಿಗೆ ಯಾರೂ ಲೈಸಿನ್ ಹೇಳಿಕೊಟ್ಟಿರಲಿಲ್ಲ. ಎರಡನ್ನೂ ಒಂದೇ ತುತ್ತಿಗೆ ತಿನ್ನಬೇಕು ಅಂತಲೂ ಇಲ್ಲ, ದಿನದಲ್ಲಿ ಎರಡೂ ಹೊಟ್ಟೆಗೆ ಬಿದ್ದರೆ ಸಾಕು. ಈ ಸಾರು ಬಂದ ದಿನ ಡಬ್ಬಿಗೆ ಕೊಟ್ಟ ದುಡ್ಡು ವಸೂಲು.

ಮಾರನೇ ದಿನ ಬಸ್ಸಾರು ಬಂತು. ಇಲ್ಲೇ ಕತೆ ಕೆಟ್ಟಿದ್ದು. ಬಸ್ಸಾರು ಅಂದರೆ ಗೊತ್ತಲ್ಲ, ಕಾಳು, ಸೊಪ್ಪು ಬೇಯಿಸಿ, ನೀರು ಬಸಿದು, ಆ ಕಟ್ಟಿನಲ್ಲಿ ಸಾರು, ಉಳಿದಿದ್ದು ಪಲ್ಯ. ನಮ್ಮ ಕಡೆ "ಸತ್ವ ಎಲ್ಲ ಕಟ್ಟಲ್ಲೇ ಇರೋದು" ಅಂತ ನಂಬಿಕೆ. ರುಚಿ ಕಟ್ಟಿನಲ್ಲಿದೆ, ಒಪ್ಪಿದೆ. ಪ್ರೋಟೀನಿನ ಬಹುಪಾಲು ಮಾತ್ರ ಕಾಳಲ್ಲೇ ಉಳಿದಿರುತ್ತದೆ. ಕಟ್ಟು ನಾವು ಕುಡಿದು ಬೆಂದ ಹುರುಳಿ ಎತ್ತಿಗೆ ಇಡುತ್ತಿದ್ದೆವಲ್ಲ, ಎತ್ತು ಗಟ್ಟಿಮುಟ್ಟಾಗಿ ಇರುತ್ತಿದ್ದದ್ದು ಸುಮ್ನೆ ಅಲ್ಲ. ಡಬ್ಬಿಯಲ್ಲಿ ಸಾರು ಬಟ್ಟಲು ತುಂಬಿ ತುಳುಕುತ್ತಿತ್ತು, ಪಲ್ಯ ಎರಡು ಚಮಚ. ನನಗೆ ಅನುಮಾನ ಬಂದು ಸಾರನ್ನು ಜಾಲರಿಗೆ ಸುರಿದೆ. ಜಾಲರಿಯಲ್ಲಿ ನಿಂತಿದ್ದು ನಾಲ್ಕು ಕಾಳು, ಕರಿಬೇವು, ಒಂದು ಒಣಮೆಣಸಿನ ತುಂಡು. ಪಲ್ಯದಿಂದ ಸಬ್ಬಸಿಗೆ ಸೊಪ್ಪು ಬಿಡಿಸಿ ಕಾಳು ಬೇರೆ ಮಾಡಿ ಎಲ್ಲ ಸೇರಿಸಿ ತೂಗಿದರೆ 40 ಗ್ರಾಂ. ಬೆಂದ ಕಾಳಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ, ಒಣಕಾಳಿನ ಲೆಕ್ಕಕ್ಕೆ ತಂದರೆ ಹದಿನಾರು ಗ್ರಾಂ ಆದರೆ ಹೆಚ್ಚು. ಪ್ರೋಟೀನ್ ಮೂರೂವರೆ ಗ್ರಾಂ. ಬಾಣಂತಿ ಊಟ ಅಂತ ದುಡ್ಡು ತೆಗೆದುಕೊಂಡು ಮೂರೂವರೆ ಗ್ರಾಂ! ಗಂಡ ಮಾತ್ರ "ಊಟ ಮಾಡ್ತೀಯೋ ಪಂಚನಾಮೆ ಮಾಡ್ತೀಯೋ" ಅಂತ ನಕ್ಕರು.

ಅವತ್ತೇ ಫೋನ್ ಮಾಡಿದೆ. ಮಾಡುವವರು ಅಮ್ಮನ ವಯಸ್ಸಿನವರು, ಮಾತು ನಯ. "ಬಾಣಂತಿಗೆ ಕಾಳು ಜಾಸ್ತಿ ಕೊಟ್ರೆ ಮಗೂಗೆ ವಾಯು ಆಗತ್ತಲ್ಲ ಕಣಮ್ಮ, ಅದಕ್ಕೇ ತಿಳಿಯಾಗಿ ಮಾಡ್ತೀವಿ" ಅಂದರು. ಈ ಮಾತನ್ನು ನಾನು ಅಮ್ಮನಿಂದ ಕೇಳಿದ್ದೇನೆ, ಪಕ್ಕದ ಮನೆಯವರಿಂದ ಕೇಳಿದ್ದೇನೆ. ಕಾಳು ತಿಂದರೆ ಗ್ಯಾಸ್ ಆಗುವುದು ಕಾಳಿನ ನಾರು, ಕೆಲವು ಸಕ್ಕರೆಗಳು ನಮ್ಮ ದೊಡ್ಡಕರುಳಲ್ಲಿ ಹುದುಗುವುದರಿಂದ. ಆ ಗ್ಯಾಸ್ ರಕ್ತಕ್ಕೆ ಹೋಗಿ ಹಾಲಿಗಿಳಿದು ಮಗುವಿನ ಹೊಟ್ಟೆ ಸೇರುವುದಿಲ್ಲ. ತಾಯಿ ಹೊಟ್ಟೆ ಉಬ್ಬಬಹುದು, ಅದಕ್ಕೆ ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲುವುದು, ಮೊಳಕೆ ಬರಿಸುವುದು, ಮೆತ್ತಗೆ ಬೇಯಿಸುವುದು, ಇಂಗು, ಶುಂಠಿ ಎಲ್ಲ ಇವೆ. ಇವರಿಗೆ ಮೊಳಕೆ ಬರಿಸುವುದು ಚೆನ್ನಾಗಿ ಗೊತ್ತು, ಮತ್ತೆ ಹೆದರಿಕೆ ಯಾಕೋ.

ಒಳ್ಳೆಯದು ಏನಂದರೆ, ಅವರು ವಾದ ಮಾಡಲಿಲ್ಲ. ದಿನಕ್ಕೆ 30 ರೂಪಾಯಿ ಜಾಸ್ತಿ ಕೊಟ್ಟರೆ ಒಂದು ಬಟ್ಟಲು ಕಾಳು ಬೇರೆಯೇ ಕಳಿಸುತ್ತೇನೆ ಅಂದರು. ಕಳಿಸುತ್ತಿದ್ದಾರೆ. ಹೆಸರುಕಾಳು ಉಸಲಿ, ಕಡಲೆಕಾಳು ಉಸಲಿ, ಅಲಸಂದೆ ಹುಳಿ. ಬಟ್ಟಲಿಗೆ ಹತ್ತು ಹನ್ನೊಂದು ಗ್ರಾಂ ಪ್ರೋಟೀನ್ ಬರುತ್ತದೆ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಹಿತಕಿದ ಬೇಳೆ ಸಾರು ಮಾಡುತ್ತಾರಂತೆ. ಅದನ್ನು ಕೂತು ಹಿತಕುವವರು ಯಾರು ಅಂತ ಕೇಳಿದೆ, "ನಮ್ಮತ್ತೆ" ಅಂದರು.

ಉಳಿದ ಐಟಂಗಳು ಬೇಗ ಹೇಳುತ್ತೇನೆ. ಮೆಂತ್ಯದ ಗಂಜಿ, ಎಳ್ಳೆಣ್ಣೆ ಹಾಕಿದ್ದು, ಚೆನ್ನಾಗಿದೆ. ಬೆಳ್ಳುಳ್ಳಿ ಗೊಜ್ಜು ಅದ್ಭುತ. ಹುಚ್ಚೆಳ್ಳು ಚಟ್ನಿ ವಾರಕ್ಕೊಮ್ಮೆ ಬರುತ್ತದೆ, ದಿನಾ ಬಂದರೂ ತಿನ್ನುತ್ತೇನೆ. ಟೋಫು (ಸೋಯಾ ಹಾಲಿನ ಪನೀರ್) ಪಲ್ಯ ಸಪ್ಪೆ. ಟೋಫುವನ್ನು ಪನೀರ್ ಅಂದುಕೊಂಡು ಹಾಗೇ ಸಾರಿಗೆ ಹಾಕಿದರೆ ಅದು ಹಾಗೇ ಇರುತ್ತದೆ, ನೀರು ಹಿಂಡಿ ಹೆಂಚಿನ ಮೇಲೆ ಕೆಂಪಗೆ ಮಾಡಿ ಹಾಕಬೇಕು. ಮೀಲ್‌ಮೇಕರ್ (ಸೋಯಾ ಉಂಡೆ) ಪಲ್ಯ ಮಾತ್ರ ಭೇಷ್. ಬಿಸಿನೀರಲ್ಲಿ ನೆನೆಸಿ ಎರಡು ಸಲ ಹಿಂಡಿರುತ್ತಾರೆ, ಹಸಿ ವಾಸನೆ ಇಲ್ಲ. ಒಣ ಮೀಲ್‌ಮೇಕರ್‌ನಲ್ಲಿ ನೂರು ಗ್ರಾಂಗೆ 52 ಗ್ರಾಂ ಪ್ರೋಟೀನ್, ಪ್ಯಾಕೆಟ್ ಮೇಲೇ ಬರೆದಿರುತ್ತದೆ. ಒಂದು ಹಿಡಿ, ಮೂವತ್ತು ಗ್ರಾಂ, ನೆನೆಸಿ ಹಾಕಿದರೆ 15 ಗ್ರಾಂ ಅಲ್ಲಿಗೆ ಮುಗಿಯಿತು. ಇಷ್ಟು ಅಗ್ಗದ ಪ್ರೋಟೀನ್ ಬೇರೆ ಇಲ್ಲ.

ಒಂದು ಎಚ್ಚರಿಕೆ. ಮಗುವಿಗೆ ಹಸುವಿನ ಹಾಲಿನ ಅಲರ್ಜಿ ಅಂತ ಡಾಕ್ಟರ್ ಹೇಳಿ ಹಾಲು ಬಿಟ್ಟ ತಾಯಂದಿರೂ ಇಂಥ ಡಬ್ಬಿ ತರಿಸುತ್ತಾರೆ. ಅಂಥ ಕೆಲವು ಮಕ್ಕಳಿಗೆ ಸೋಯಾನೂ ಆಗುವುದಿಲ್ಲ. ಇವರು ಆರ್ಡರ್ ತೆಗೆದುಕೊಳ್ಳುವಾಗ ಅದನ್ನು ಕೇಳಲೇ ಇಲ್ಲ. ನೀವೇ ಹೇಳಬೇಕು.

ನನಗೆ ಸಿಟ್ಟು ಬಂದ ಐಟಂ ಅಂದರೆ ಬಾದಾಮಿ ಹಾಲು. "ಹಾಲಿನ ಬದಲು" ಅಂತ ರಾತ್ರಿ ಡಬ್ಬಿ ಜೊತೆ ಒಂದು ಸಣ್ಣ ಬಾಟಲಿ, ಅದಕ್ಕೆ 40 ರೂಪಾಯಿ ಬೇರೆ. ಎಷ್ಟು ಬಾದಾಮಿ ಹಾಕುತ್ತೀರಿ ಅಂದರೆ ಹತ್ತು ಅಂದರು. ಹತ್ತು ಬಾದಾಮಿ ಅಂದರೆ ಸುಮಾರು 12 ಗ್ರಾಂ, ಅದರಲ್ಲಿ ಪ್ರೋಟೀನ್ ಎರಡೂವರೆ ಗ್ರಾಂ, ರುಬ್ಬಿ ಸೋಸಿ ಹಿಪ್ಪೆ ಎಸೆದರೆ ಅದೂ ಕಮ್ಮಿ. ಏಲಕ್ಕಿ ಹಾಕಿದ ಸಿಹಿನೀರು, ಕುಡಿಯಲು ಹಿತವಾಗಿದೆ, ಹಾಲಿನ ಬದಲಂತೂ ಅಲ್ಲ. ಅದೇ ಒಂದು ಲೋಟ ಸಾದಾ ಸೋಯಾ ಹಾಲಲ್ಲಿ ಆರೇಳು ಗ್ರಾಂ ಇರುತ್ತದೆ. ಕ್ಯಾಲ್ಸಿಯಂ ಸೇರಿಸಿದ್ದು ಸಿಕ್ಕರೆ ಇನ್ನೂ ವಾಸಿ. ಬಾದಾಮಿ ಹಾಲು ನಿಲ್ಲಿಸಿದೆ.

ಇನ್ನೊಂದು ವಿಷಯಕ್ಕೆ ಸಿಟ್ಟಲ್ಲ, ಭಯವೇ ಆಯ್ತು. ಅವರ ವಾಟ್ಸಾಪ್ ಮೆನುವಿನಲ್ಲಿ "ಬಿ12ಗೆ ಸ್ಪಿರುಲಿನಾ ಲಡ್ಡು" ಅಂತ ಇದೆ. ಸ್ಪಿರುಲಿನಾ ಅಂದರೆ ಪಾಚಿಯ ಪುಡಿ, ಅದರಲ್ಲಿ ಪ್ರೋಟೀನ್ ಇದೆ, ಸರಿ. ಅದರಲ್ಲಿರುವ ಬಿ12 ವಿಟಮಿನ್ ಬಹುಪಾಲು ನಮ್ಮ ಮೈಗೆ ಕೆಲಸಕ್ಕೆ ಬಾರದ ಥರದ್ದು. ಪ್ರೋಟೀನ್ ವಿಷಯ ಬೇರೆ, ತಾಯಿ ಮೈಯಿಂದ ಹೋಗಿ ಹೇಗೋ ನಡೆಯುತ್ತದೆ. ಬಿ12 ಹಾಗಲ್ಲ. ತಾಯಿಗೆ ಕಮ್ಮಿ ಇದ್ದರೆ ಎದೆಹಾಲಲ್ಲೂ ಕಮ್ಮಿ, ಎದೆಹಾಲು ಮಾತ್ರ ಕುಡಿಯುವ ಮಗುವಿನ ನರ, ಮಿದುಳಿನ ಬೆಳವಣಿಗೆಗೆ ಪೆಟ್ಟು. ವೀಗನ್ ಆಗಿದ್ದು ಹಾಲುಣಿಸುತ್ತಿದ್ದರೆ ಬಿ12 ಮಾತ್ರೆ ಬೇಕೇಬೇಕು, ಎಷ್ಟು ಅಂತ ಡಾಕ್ಟರ್ ಹತ್ತಿರ ಕೇಳಿ, ಲಡ್ಡು ನಂಬಿ ಕೂರಬೇಡಿ. ಇದನ್ನು ಅವರಿಗೂ ಹೇಳಿದೆ. "ಮೆನು ಮಾಡಿಕೊಟ್ಟ ಹುಡುಗ ಬರೆದಿದ್ದು" ಅಂದರು. ಇನ್ನೂ ತೆಗೆದಿಲ್ಲ. 1950ರಿಂದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇರುವ ಊರು ಸ್ವಾಮಿ ಇದು, ಆಹಾರ ವಿಜ್ಞಾನ ಓದಿದವರು ಬೀದಿಗೊಬ್ಬರು ಸಿಗುತ್ತಾರೆ, ಒಬ್ಬರನ್ನು ಕೇಳಿ ಬರೆಸಬಾರದಾ?

ಡಬ್ಬಿಯ ಹೊರಗೆ ನಾನು ಸೇರಿಸಿಕೊಂಡಿರುವುದು ದೇವರಾಜ ಮಾರ್ಕೆಟ್ ಕಡೆ ಹೋದಾಗ ಗಂಡ ತರುವ ಕಡಲೆಕಾಯಿ ಬೀಜ, ಹುರಿಗಡಲೆ, ಬೆಲ್ಲ. ಬೀಜ ಹುರಿದು ಸಿಪ್ಪೆ ಊದಿ ಡಬ್ಬದಲ್ಲಿ ಹಾಸಿಗೆ ಪಕ್ಕ ಇಟ್ಟಿರುತ್ತೇನೆ. ಒಂದು ಹಿಡಿಗೆ ಏಳು ಗ್ರಾಂ ಪ್ರೋಟೀನ್, ಮಗುವನ್ನು ಎತ್ತಿಕೊಂಡೇ ಒಂದು ಕೈಯಲ್ಲಿ ತಿನ್ನಬಹುದು, ಅದು ಮುಖ್ಯ. ಅಮ್ಮ ಮಂಡ್ಯದಿಂದ ಬಸ್ಸಿನಲ್ಲಿ ಬರುವಾಗ ಹುರಿಹಿಟ್ಟು ಮಾಡಿಕೊಂಡು ಬರುತ್ತಾರೆ, ರಾಗಿ, ಹೆಸರುಕಾಳು, ಹುರಿಗಡಲೆ, ಎಳ್ಳು. ತುಪ್ಪ ಇಲ್ಲ ಅಂತ ಗೊಣಗುತ್ತಲೇ ಎಳ್ಳೆಣ್ಣೆ ಹಾಕಿ ಕಲಸಿಕೊಡುತ್ತಾರೆ. ಮೆಡಿಕಲ್ ಶಾಪಿನವರು ತೋರಿಸಿದ ದುಬಾರಿ ಪೌಡರ್ ಡಬ್ಬ ಹಿಂದೆ ತಿರುಗಿಸಿ ನೋಡಿದರೆ ಹಾಲಿನ ಪುಡಿಯಿಂದಲೇ ಮಾಡಿದ್ದು. ವೀಗನ್ ಆದವರು ಡಬ್ಬದ ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಸಣ್ಣಕ್ಷರ ಓದಿ. ಊಟ ಆದ ತಕ್ಷಣ ಕಾಫಿ ಕುಡಿಯುವುದನ್ನೂ ಸ್ವಲ್ಪ ಮುಂದೆ ಹಾಕಿ, ಕಾಳಿನ ಕಬ್ಬಿಣಾಂಶ ಹೀರಿಕೊಳ್ಳಲು ಅದು ಅಡ್ಡಿ. ಉಸಲಿಗೆ ನಿಂಬೆಹುಳಿ ಹಿಂಡಿದರೆ ಒಳ್ಳೆಯದು. ಮೈಸೂರಲ್ಲಿ ಕಾಫಿ ಬಿಡಿ ಅನ್ನುವ ಧೈರ್ಯ ನನಗಿಲ್ಲ.

ಈಗ ಮಧ್ಯಾಹ್ನದ ಡಬ್ಬಿ ಮುಂದುವರಿಸಿದ್ದೇನೆ, ಕಾಳಿನ ಬಟ್ಟಲು ಸೇರಿಸಿ. ರಾತ್ರಿಯದು ನಿಲ್ಲಿಸಿ ಮನೆಯಲ್ಲೇ ಕುಕ್ಕರಿಗೆ ಅಕ್ಕಿ, ಹೆಸರುಬೇಳೆ, ಒಂದು ಹಿಡಿ ಮೀಲ್‌ಮೇಕರ್ ಹಾಕಿ ಕೂಗಿಸುತ್ತೇವೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಮೆನು ಸರಿಮಾಡಿದರೆ ನಾಲ್ಕು. ತರಿಸುವವರಿಗೆ ಇಷ್ಟು ಗೊತ್ತಿರಲಿ: ಭಾನುವಾರ ರಜೆ, ಮುಂಗಡ ವಾಪಸ್ ಇಲ್ಲ, ಬಸ್ಸಾರಿನ ದಿನ ಹಿಂದಿನ ರಾತ್ರಿಯೇ ಮೆಸೇಜ್ ಹಾಕಿ "ಪಲ್ಯ ಜಾಸ್ತಿ" ಅಂತ ಹೇಳಬೇಕು, ಬೆಳಿಗ್ಗೆ ಹೇಳಿದರೆ ಆಗುವುದಿಲ್ಲ.