ಮೀನಿಗೆ ಔಷಧಿ ಆಮೇಲೆ ಹಾಕಿ, ಮೊದಲು ನೀರು ನೋಡಿ: ಎಪಿಐ ಟೆಸ್ಟ್ ಕಿಟ್ ರಿವ್ಯೂ

ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ ಅಂತ ಅಂಗಡಿಗೆ ಹೋದರೆ ಸಿಗುವುದು ಎರಡೇ: ನೀಲಿ ಔಷಧಿ, ಇಲ್ಲಾ ಹಳದಿ ಪುಡಿ. ಯಾವ ಮೀನು, ಟ್ಯಾಂಕ್ ಎಷ್ಟು ಲೀಟರ್, ಕಾವೇರಿ ನೀರಾ ಬೋರ್ ನೀರಾ, ಯಾರೂ ಕೇಳುವುದಿಲ್ಲ. ಆ ದುಡ್ಡನ್ನು ಕೂಡಿಟ್ಟು ಎಪಿಐ ಕಂಪನಿಯ ಫ್ರೆಶ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್ ತೊಗೊಳ್ಳಿ ಅಂತ ಕೇಳಿದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ.

ಪೆಟ್ಟಿಗೆಯಲ್ಲಿ 7 ಪುಟ್ಟ ಬಾಟಲಿ, 4 ಗಾಜಿನ ಟ್ಯೂಬ್, ಒಂದು ಬಣ್ಣದ ಕಾರ್ಡ್. ಪಿಎಚ್ (ನೀರಿನ ಆಮ್ಲ, ಕ್ಷಾರದ ಅಳತೆ), ಅಮೋನಿಯ, ಅದನ್ನು ಬ್ಯಾಕ್ಟೀರಿಯಾ ತಿಂದಾಗ ಆಗುವ ನೈಟ್ರೈಟ್, ಆಮೇಲೆ ಅದರಿಂದ ಆಗುವ ನೈಟ್ರೇಟ್ ನೋಡಬಹುದು. ಬೆಲೆ ಕೆಲವು ಸಾವಿರ, ಕೇಳಿದ ತಕ್ಷಣ ಬೇಡ ಅನಿಸುತ್ತದೆ. ಆದರೆ 800ಕ್ಕೂ ಹೆಚ್ಚು ಟೆಸ್ಟ್ ಆಗುತ್ತದೆ ಅಂತ ಪೆಟ್ಟಿಗೆ ಮೇಲೇ ಬರೆದಿದೆ, ಅಂದರೆ ಒಂದು ಸಲಕ್ಕೆ ಬೀಳುವುದು ಒಂದು ಟೀ ದುಡ್ಡಿಗಿಂತ ಕಡಿಮೆ.

ಅಕ್ಕನ ಮನೆಯ ಗೋಲ್ಡ್‌ಫಿಶ್ ವಿಷಯ ಹೇಳಿದರೆ ಇದರ ಉಪಯೋಗ ಗೊತ್ತಾಗುತ್ತದೆ. ಟ್ಯಾಂಕ್ ಕ್ಲೀನ್ ಮಾಡುವ ಹುಡುಗ ಬಂದು, ಪಾಪ ಶ್ರದ್ಧೆಯಿಂದಲೇ, ನೀರು ಪೂರ್ತಿ ಖಾಲಿ ಮಾಡಿ, ಕಲ್ಲು ತೊಳೆದು, ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿ ಹೋಗಿದ್ದ. ನೀರು ಫಳಫಳ. ಕೆಲವೇ ದಿನಕ್ಕೆ ಮೀನುಗಳು ರೆಕ್ಕೆ ಮುದುಡಿಕೊಂಡು ಮೂಲೆ ಸೇರಿದವು, ಕಿವಿರು ಕೆಂಪಾಯಿತು. ಅಂಗಡಿಯವರು ನೀಲಿ ಔಷಧಿ ಕೊಟ್ಟು ಕಳಿಸಿದರು. ಅದನ್ನು ಹಾಕುವ ಮೊದಲು ನಾನು ಟ್ಯೂಬಿಗೆ 5 ಎಂಎಲ್ ನೀರು ತುಂಬಿದೆ. ಅಮೋನಿಯದ ಒಂದನೇ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ, ಮುಚ್ಚಳ ಹಾಕಿ ಅಲುಗಿಸಿ 5 ನಿಮಿಷ ಬಿಟ್ಟೆ. ಹಳದಿ ಉಳಿದರೆ ಅಮೋನಿಯ ಇಲ್ಲ. ನಮ್ಮದು ಕಣ್ಣೆದುರೇ ಕಡು ಹಸಿರಾಯಿತು.

ಕಾಯಿಲೆ ಮೀನಿನದ್ದಲ್ಲ, ನೀರಿನದ್ದು. ಮೀನಿನ ಹೇಲು, ಮಿಕ್ಕಿದ ಆಹಾರದಿಂದ ಬರುವ ಅಮೋನಿಯವನ್ನು ತಿನ್ನುವ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ಆ ಕೊಳಕು ಸ್ಪಂಜಿನಲ್ಲೇ. ಕ್ಲೋರಿನ್ ನೀರಲ್ಲಿ ತೊಳೆದರೆ ಅವು ಸಾಯುತ್ತವೆ. ಆಮೇಲೆ ಮತ್ತೆ ಬೆಳೆಯಲು ವಾರಗಳೇ ಬೇಕು. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಲ್ಲೇ ಒಂದೆರಡು ಸಲ ಹಿಂಡಿದರೆ ಸಾಕು. ಇನ್ನು ಆ ನೀಲಿ ಔಷಧಿ, ಅದೇ ಮೆಥಿಲೀನ್ ಬ್ಲೂ, ಉಳಿದಿರುವ ಬ್ಯಾಕ್ಟೀರಿಯಾಗೂ ಒಳ್ಳೇದಲ್ಲ. ಅಂಚಿನ ಸಿಲಿಕಾನ್‌ಗೆ ನೀಲಿ ಬಣ್ಣ ಹಿಡಿಸಿಬಿಡುತ್ತದೆ, ಅದು ಬೇರೆ. ನಾವು ಅರ್ಧ ನೀರು ಬದಲಿಸಿ, ಆಂಟಿ ಕ್ಲೋರಿನ್ ಹಾಕಿ, ಆಹಾರ ನಿಲ್ಲಿಸಿ, ದಿನಾ ಟೆಸ್ಟ್ ಮಾಡುತ್ತಾ ಹೋದೆವು. ಮೀನು ಸುಧಾರಿಸಿಕೊಂಡವು. ಔಷಧಿ ಬಾಟಲಿ ಸೀಲ್ ಒಡೆಯದೆ ಕೂತಿದೆ.

ಪಿಎಚ್ ಟೆಸ್ಟನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ, ಬಿಡಬೇಡಿ. ಈ ಕಿಟ್ ತೋರಿಸುವುದು ಒಟ್ಟು ಅಮೋನಿಯ. ಅದರಲ್ಲಿ ವಿಷದ ಪಾಲು ಎಷ್ಟು ಅನ್ನುವುದು ಪಿಎಚ್ ಮೇಲೆ ನಿಂತಿದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಆ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಪಿಎಚ್ ಹೆಚ್ಚಿರುವ ಗಡಸು ಬೋರ್ ನೀರು ಹಾಕುವವರಿಗೆ ಇದು ಜಾಸ್ತಿ ಮುಖ್ಯ. ನೈಟ್ರೈಟ್ ನೇರಳೆ ಬಣ್ಣ ತೋರಿಸಿದರೆ ನೀರು ಬದಲಿಸುವುದರ ಜೊತೆಗೆ ಲೀಟರಿಗೆ ಒಂದು ಗ್ರಾಂನಷ್ಟು ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನ ಒಳಗೆ ಹೋಗದಂತೆ ತಡೆಯುತ್ತದೆ.

ತಕರಾರು ಇಲ್ಲವೇ ಅಂದರೆ ಇದೆ. ನೈಟ್ರೇಟಿನ ಎರಡನೇ ಬಾಟಲಿಯನ್ನು ಕೈ ನೋಯುವಷ್ಟು ಅಲುಗಿಸಬೇಕು, ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಅಮೋನಿಯ ಟೆಸ್ಟಲ್ಲಿ ಸೊನ್ನೆಗೂ 0.25 ಪಿಪಿಎಂಗೂ (ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ) ಇರುವ ಬಣ್ಣದ ವ್ಯತ್ಯಾಸ ಟ್ಯೂಬ್‌ಲೈಟ್ ಬೆಳಕಲ್ಲಿ ಕಾಣುವುದೇ ಇಲ್ಲ, ಕಿಟಕಿ ಹತ್ತಿರ ಹಿಡಿದು ನೋಡಿ. ನೀರಿನ ಗಡಸುತನ ಅಳೆಯುವ ಬಾಟಲಿ ಇದರಲ್ಲಿಲ್ಲ, ಬೇರೆ ಕೊಳ್ಳಬೇಕು. ಅಗ್ಗದ ಪೇಪರ್ ಸ್ಟ್ರಿಪ್ ಸಾಲದಾ ಅಂತ ಕೇಳುವವರಿಗೆ: ಬಹಳಷ್ಟು ಸ್ಟ್ರಿಪ್‌ಗಳಲ್ಲಿ ಅಮೋನಿಯವೇ ಇರುವುದಿಲ್ಲ, ಅದಿಲ್ಲದ ಮೇಲೆ ಏನು ಪ್ರಯೋಜನ ಅಲ್ವಾ?

ಎಲ್ಲಾ ಕಾಯಿಲೆಯನ್ನೂ ಇದು ಹಿಡಿಯುವುದಿಲ್ಲ, ಅದೂ ನಿಜ. ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಂಡು, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಇಕ್ ಅನ್ನುವ ಪರಾವಲಂಬಿ. ಅಲ್ಲಿ ಔಷಧಿ ಬೇಕೇ ಬೇಕು. ಆ ಜೀವಿ ಮೀನಿನ ಚರ್ಮದೊಳಗೆ ಇರುವಾಗ ಔಷಧಿ ತಾಗುವುದಿಲ್ಲ, ಕೆಳಗೆ ಬಿದ್ದು ಒಡೆದು ಮರಿಗಳು ನೀರಲ್ಲಿ ಈಜುವಾಗ ಮಾತ್ರ ಸಾಯುತ್ತವೆ. ಹಾಗಾಗಿ ಚುಕ್ಕೆ ಮಾಯವಾಯಿತು ಅಂತ ಕೋರ್ಸ್ ಅರ್ಧಕ್ಕೆ ಬಿಡಬೇಡಿ. ಲೋಚ್ ಅನ್ನುವ ಜಾತಿಯ ಮೀನು ಇದ್ದರೆ ಮ್ಯಾಲಕೈಟ್ ಗ್ರೀನ್ ಇರುವ ಔಷಧಿ ಹಾಕುವ ಮುಂಚೆ ಲೇಬಲ್ ಓದಿ, ಅವಕ್ಕೆ ಅದು ಬೇಗ ಏರುತ್ತದೆ. ಔಷಧಿ ನಡೆಯುವಷ್ಟು ದಿನವೂ ಅಮೋನಿಯ ಟೆಸ್ಟ್ ಮಾಡುತ್ತಲೇ ಇರಿ.